ಹೊಳೆಯ ಬೀಗರು

ನಮ್ಮ ಭಾವ, ಅಂದರೆ ನನ್ನ ಅಕ್ಕನ ಗಂಡ, ಮೂವತ್ತೊಂದು ವರ್ಷ ನಮ್ಮ ಊರಿನ ಕೊಳಚೆ ನೀರಿನ ಘಟಕದಲ್ಲಿ ಆಪರೇಟರ್ ಆಗಿದ್ದವರು. ಊರಿನವರು ಬೆಳಿಗ್ಗೆ ಬಾಗಿಲು ಹಾಕಿಕೊಂಡು, ಕೆಲಸ ಮುಗಿಸಿ, ನೀರು ಸುರಿದು ಮರೆತುಬಿಡುವುದನ್ನು ಇಡೀ ದಿನ ನೆನಪಿಟ್ಟುಕೊಳ್ಳುವುದೇ ಅವರ ಉದ್ಯೋಗ. ಅವರ ಕಥೆ ಹೇಳಲಿಕ್ಕೆ ನಾನು ಯೋಗ್ಯನಲ್ಲ. ಆದರೆ ಪೂರ್ತಿ ಗೊತ್ತಿರುವವನು ನಾನು, ಮತ್ತು ಅದರಲ್ಲಿ ಹೊಲಸಾದ ಭಾಗ ಬಹುಪಾಲು ನನ್ನದೇ.

ಅಕ್ಕನ ಮದುವೆಯಾದಾಗ ನಾನು ಹೈಸ್ಕೂಲಿನಲ್ಲಿದ್ದೆ. ನಿಮ್ಮ ಭಾವನಿಗೆ ಏನು ಕೆಲಸ ಎಂದು ಗೆಳೆಯರು ಕೇಳಿದರೆ ‘ನೀರು ಸರಬರಾಜು’ ಎನ್ನುತ್ತಿದ್ದೆ. ಒಮ್ಮೆ ಅದು ಭಾವನ ಕಿವಿಗೆ ಬಿತ್ತು. ಅವರು ಕೋಪ ಮಾಡಿಕೊಳ್ಳಲಿಲ್ಲ. “ಸರಬರಾಜಲ್ಲ ಕಣೋ, ವಾಪಸಾತಿ. ನೀರು ಬರೋ ಕಡೆ ಇರೋನಿಗೆ ಎಲ್ಲಾರೂ ಸಲಾಮ್ ಹೊಡೀತಾರೆ. ನಾನು ಹೋಗೋ ಕಡೆ ಇದ್ದೀನಿ,” ಎಂದು ನಕ್ಕರು. ಕೆಲಸ ಮುಗಿಸಿ ಬಂದರೆ ಎರಡು ಬೇರೆ ಬೇರೆ ಸೋಪು ಹಾಕಿ ಸ್ನಾನ ಮಾಡುತ್ತಿದ್ದರು. ಉಗುರು ಯಾವಾಗಲೂ ಚರ್ಮಕ್ಕೆ ಅಂಟುವಂತೆ ಕತ್ತರಿಸಿರುತ್ತಿತ್ತು. ಯಾರ ಮನೆಯ ಸಮಾರಂಭಕ್ಕೆ ಹೋದರೂ ಕೊನೆಯ ಸಾಲಿನ ಕೊನೆಯ ಕುರ್ಚಿ ಅವರದು. ಅಲ್ಲಿ ಕೂತುಕೊಳ್ಳಿ ಎಂದು ಯಾರೂ ಹೇಳಿದ್ದಿಲ್ಲ. ಅವರೇ ಹುಡುಕಿಕೊಂಡು ಹೋಗುತ್ತಿದ್ದರು. ಅದು ನಮಗೆಲ್ಲ ಅನುಕೂಲವೇ ಆಗಿತ್ತು.

ಘಟಕ ಇರುವುದು ಊರಿನ ಕೆಳಗೆ, ಹೊಳೆ ತಿರುಗುವ ಜಾಗದಲ್ಲಿ. ಊರಿನ ಕೊಳಚೆಯೆಲ್ಲ ಒಂದು ಆಳವಾದ ಬಾವಿಗೆ ಬಂದು ಬೀಳುತ್ತದೆ. ನೆಲದ ಮಟ್ಟಕ್ಕಿಂತ ಕೆಳಗಿರುವ ಕೋಣೆಯಲ್ಲಿ ನಾಲ್ಕು ಮೋಟಾರುಗಳಿವೆ. ಅವು ಅದನ್ನು ಮೇಲಿನ ತೊಟ್ಟಿಗೆ ಎತ್ತುತ್ತವೆ. ತೊಟ್ಟಿಯಲ್ಲಿ ಬ್ಲೋವರಿನಿಂದ ಗಾಳಿ ಗುಳುಗುಳು ಬರುತ್ತಿರುತ್ತದೆ, ಕಣ್ಣಿಗೆ ಕಾಣದ ಕೋಟಿಗಟ್ಟಲೆ ಜೀವಿಗಳು ಹೊಲಸನ್ನು ತಿಂದು ನೀರನ್ನು ತಿಳಿ ಮಾಡುತ್ತವೆ. ಭಾವ ಅವುಗಳಿಗೆ ‘ನಮ್ಮ ದನ’ ಎನ್ನುತ್ತಿದ್ದರು. ಮೇವು ಹೆಚ್ಚಾದರೂ ಕಷ್ಟ, ಕಡಿಮೆಯಾದರೂ ಕಷ್ಟ, ಗಾಳಿ ತಪ್ಪಿದರೆ ಒಂದೇ ದಿನದಲ್ಲಿ ಸಾಯುತ್ತವೆ. ಪ್ರತಿ ಬೆಳಿಗ್ಗೆ ಒಂದು ಗಾಜಿನ ಜಾಡಿಯಲ್ಲಿ ತೊಟ್ಟಿಯ ನೀರು ತುಂಬಿ ಕಿಟಕಿಯಲ್ಲಿಟ್ಟು, ಅದರ ಎದುರು ಟೀ ಕುಡಿಯುತ್ತಾ ಅರ್ಧ ಗಂಟೆ ಕೂರುತ್ತಿದ್ದರು. ಕಂದು ಬಣ್ಣದ್ದೆಲ್ಲ ಕೆಳಗೆ ಕೂತು ಮೇಲೆ ತಿಳಿನೀರು ನಿಂತರೆ ದನ ಆರೋಗ್ಯವಾಗಿವೆ ಎಂದರ್ಥ. ಅಕ್ಕನಿಗೆ ಫೋನ್ ಮಾಡಿ “ಕೂತಿದೆ” ಎಂದಷ್ಟೇ ಹೇಳಿ ಇಡುತ್ತಿದ್ದರು.

ಹೊಳೆ ಏರಿದರೆ ಮೋಟಾರು ಮುಳುಗುತ್ತದೆ. ಅದಕ್ಕೆಂದೇ ಕೋಣೆಯ ಮೇಲೆ ಕಬ್ಬಿಣದ ಅಟ್ಟವೊಂದಿದೆ; ಚೈನ್ ಪುಲ್ಲಿಯ ಕೊಕ್ಕೆ ಹಾಕಿ ಮೋಟಾರುಗಳನ್ನು ಒಂದೊಂದಾಗಿ ಅಲ್ಲಿಗೆ ಎತ್ತಬೇಕು. ಒಂದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಎತ್ತಿದ ಮೇಲೆ ಬಾವಿ ತುಂಬಿ ಕೊಳಚೆ ಹಿಂದಕ್ಕೆ ಬರುತ್ತದೆ, ಹಾಗಾಗಿ ಕೆಳಗಿನ ಬೀದಿಯವರು ಕಕ್ಕಸಿಗೆ ಹೋಗುವಂತಿಲ್ಲ. ಎತ್ತಬೇಕೋ ಬೇಡವೋ ಎಂದು ನಿರ್ಧರಿಸುವುದು ಆಪರೇಟರ್.

ಮೂರು ವರ್ಷದ ಹಿಂದೆ ಪ್ರವಾಹದ ಮುನ್ಸೂಚನೆ ಬಂದಾಗ ಭಾವ ನಾಲ್ಕೂ ಮೋಟಾರು ಎತ್ತಿಸಿ ಎರಡು ದಿನ ಕಾದರು. ಹೊಳೆ ಬರಲಿಲ್ಲ. ಮೋಡ ಚದುರಿ ಬಿಸಿಲು ಬಂತು. ಕೆಳಗಿನ ಬೀದಿಯಲ್ಲಿ ಮಾತ್ರ ಕೊಳಚೆ ಬಚ್ಚಲಿನಿಂದ ಉಕ್ಕಿತು. ಪುರಸಭೆಯ ಅಧ್ಯಕ್ಷರು ಎಲ್ಲರ ಮುಂದೆ ಭಾವನನ್ನು ಬೈದರು. ನನಗೆ ಮುಖ್ಯರಸ್ತೆಯಲ್ಲಿ ಔಷಧಿ ಅಂಗಡಿಯಿದೆ. ಕೌಂಟರಿನ ಮುಂದೆ ಯಾವಾಗಲೂ ನಾಲ್ಕು ಜನ ಇರುತ್ತಾರೆ, ನನ್ನ ನಾಲಗೆಗೆ ಎಲುಬಿಲ್ಲ, ಮೇಲಾಗಿ ಭಾವನನ್ನು ಛೇಡಿಸುವುದು ಭಾವಮೈದುನನ ಹುಟ್ಟುಹಕ್ಕು. “ನಮ್ಮ ಭಾವ ಹೊಳೆಗೆ ಬೀಗರ ಮರ್ಯಾದೆ ಮಾಡಕ್ಕೆ ಹೋಗಿದ್ರು. ಮೋಟಾರ್ ಎಲ್ಲಾ ಎತ್ತಿ ಜಾಗ ಮಾಡಿಕೊಟ್ರೂ ಬೀಗರು ಕೈಕೊಟ್ರು,” ಎಂದೆ. ಒಂದು ವಾರದಲ್ಲಿ ಊರಿಗೆಲ್ಲ ಭಾವ ‘ಹೊಳೆಯ ಬೀಗರು’ ಆದರು. ಸೈಕಲ್ಲಿನಲ್ಲಿ ಹೋಗುವಾಗ ಮಕ್ಕಳು “ಬೀಗರು ಬಂದ್ರಾ?” ಎಂದು ಕೂಗುತ್ತಿದ್ದರು. ಅಕ್ಕ ಒಂದು ಸಲ “ಸಾಕು ಮಾಡೋ,” ಎಂದಳು. ತಮಾಷೆಗೆ ಏನು ಮಹಾ ಎಂದುಕೊಂಡು ನಾನು ಸಾಕು ಮಾಡಲಿಲ್ಲ.

ನಿಜವಾಗಿ ಹೊಳೆ ಬಂದದ್ದು ಕಳೆದ ವರ್ಷ, ಒಂದು ಮಂಗಳವಾರ ಬೆಳಿಗ್ಗೆ. ಭಾವ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಿಪಿ ಮಾತ್ರೆಗೆಂದು ನನ್ನ ಅಂಗಡಿಗೆ ಬಂದಿದ್ದರು. ಮಳೆ ಹೊಯ್ಯುತ್ತಿತ್ತು, ಕೌಂಟರಿನಲ್ಲಿ ಐದಾರು ಜನ ಆಸರೆಗೆ ನಿಂತಿದ್ದರು. ಭಾವನ ಫೋನ್ ಬಡಿದುಕೊಂಡಿತು. ಘಟಕದ ಹೆಲ್ಪರ್ ಮಾತಾಡುತ್ತಿದ್ದಳು. ಮೂವತ್ತೈದರ ಆಸುಪಾಸಿನ ಹೆಂಗಸು, ಗುತ್ತಿಗೆ ಕೆಲಸ. ಹಾಸಿಗೆ ಹಿಡಿದ ತಾಯಿ ಮತ್ತು ಶಾಲೆಗೆ ಹೋಗುವ ಮಗಳು ಅವಳ ಸಂಬಳವನ್ನೇ ನಂಬಿದ್ದರು. ಅವಳ ಧ್ವನಿ ದೊಡ್ಡದು. ನನಗೆ ಒಂದೊಂದು ಅಕ್ಷರವೂ ಕೇಳಿಸಿತು.

“ಸಾರ್, ಮೇಲಿನ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದಾರಂತೆ. ಹೊಳೆ ನಮ್ಮ ಮೆಟ್ಟಿಲಿಗೆ ಬಂದಿದೆ. ಒಂದನೇ ಮೋಟಾರಿಗೆ ಕೊಕ್ಕೆ ಹಾಕಿ ನಿಂತಿದ್ದೀನಿ. ಎತ್ತಲಾ?”

ಭಾವ ಬಾಯಿ ತೆರೆಯುವ ಮೊದಲೇ ನಾನು ತೆರೆದೆ. “ಏನ್ ಭಾವ, ಬೀಗರು ಹೊರಟ್ರಂತಾ? ಅವರನ್ನ ನಂಬ್ಕೊಂಡು ನಮ್ಮ ಕಕ್ಕಸು ಬಂದ್ ಮಾಡಬೇಡಿ. ಹೋದ ಸಲ ಬರಬೇಕಾದ ಬೀಗರು ಬರಲಿಲ್ಲ, ಹೋಗಬೇಕಾದ ನಮಗೆ ಹೋಗಕ್ಕಾಗಲಿಲ್ಲ!”

ಇಡೀ ಕೌಂಟರು ನಕ್ಕಿತು. ಒಬ್ಬರಂತೂ ಕೆಮ್ಮಿನ ಸಿರಪ್ ಕೈಯಲ್ಲಿ ಹಿಡಿದು ಕೆಮ್ಮುವಷ್ಟು ನಕ್ಕರು. ಭಾವನ ಕಿವಿ ಕೆಂಪಾಯಿತು. ಅವರೂ ನಮ್ಮ ಜೊತೆ ನಕ್ಕರು. ನಗದೆ ಇನ್ನೇನು ಮಾಡಿಯಾರು. ಆಮೇಲೆ ಫೋನಿಗೆ ಹೇಳಿದರು: “ಬೇಡಮ್ಮ. ಇನ್ನೊಂದು ಗಂಟೆ ನೋಡೋಣ. ನಾನು ಬರೋವರೆಗೂ ಏನೂ ಮುಟ್ಟಬೇಡ.”

ಆ ಒಂದು ಗಂಟೆ ಹೊಳೆ ಕೊಡಲಿಲ್ಲ. ಭಾವ ಸೈಕಲ್ ಹತ್ತಿ ಮೋರಿಯ ಹತ್ತಿರ ಹೋಗುವಷ್ಟರಲ್ಲಿ ರಸ್ತೆಯೇ ಇರಲಿಲ್ಲ. ಅತ್ತ ಕಡೆ ಕೋಣೆಗೆ ನೀರು ನುಗ್ಗಿ, ಹೆಲ್ಪರ್ ಅದೇ ಕಬ್ಬಿಣದ ಅಟ್ಟ ಹತ್ತಿ ಕೂತಿದ್ದಳು. ಏಳು ಗಂಟೆ ಹೊತ್ತು ಅವಳು ಆ ಕಡೆ, ಭಾವ ಈ ಕಡೆ. ಸಂಜೆ ನಾಲ್ಕೂವರೆಗೆ ದೋಣಿ ತಂದು ಅವಳನ್ನು ಇಳಿಸಿದರು. ಇಳಿದವಳು ಭಾವನ ಮುಖ ನೋಡಿ, “ನಾಲ್ಕೂ ಹೋದ್ವು ಸಾರ್,” ಎಂದಳಂತೆ.

ನೀರು ಇಳಿಯಲು ಮೂರು ದಿನ ಬೇಕಾಯಿತು. ತೊಟ್ಟಿಗಳಲ್ಲಿ ಎದೆಯ ಮಟ್ಟಕ್ಕೆ ಕೆಸರು, ಅದರಲ್ಲಿ ಯಾರದೋ ಮನೆಯ ಕುರ್ಚಿ, ಟೈರು, ಸತ್ತ ನಾಯಿ. ವಿದ್ಯುತ್ ಪ್ಯಾನೆಲ್ ತೆರೆದರೆ ಒಳಗಿಂದ ಮಣ್ಣು ಸುರಿಯಿತು. ಮೂವತ್ತೊಂದು ವರ್ಷ ಸಾಕಿದ ದನ ಒಂದೇ ಮಧ್ಯಾಹ್ನದಲ್ಲಿ ಹೊಳೆ ಪಾಲಾಗಿತ್ತು. ಊರಿನ ಕೊಳಚೆ ಹಸಿಯಾಗಿ ಬೀದಿಗೆ ಬಂತು. ಕೆಳಗಿನ ಬೀದಿಯ ಮಕ್ಕಳಿಗೆ ವಾಂತಿಭೇದಿ ಶುರುವಾಯಿತು. ನಾನು ನಕ್ಕ ಕೌಂಟರಿನ ಮೇಲೆಯೇ ಓಆರ್‌ಎಸ್ ಪೊಟ್ಟಣಗಳನ್ನು ಎಣಿಸಿ ಕೊಡುತ್ತಿದ್ದೆ. ತಾಯಂದಿರು ಸಾಲು ನಿಂತು, ಒಳ್ಳೆಯದಾಗಲಿ ಅಣ್ಣ, ನಿಮ್ಮ ಹತ್ರ ಸ್ಟಾಕ್ ಇತ್ತಲ್ಲ ಎನ್ನುತ್ತಿದ್ದರು. ಮುಖ ಎತ್ತಿ ಅವರನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಐದನೇ ದಿನ ಮೇಲಿನ ಕಚೇರಿಯಿಂದ ಎಂಜಿನಿಯರ್ ಬರುವವರಿದ್ದರು. ಮೋಟಾರು ಯಾಕೆ ಎತ್ತಲಿಲ್ಲ ಎಂದು ಕೇಳುವುದು ಖಂಡಿತ. ಹಿಂದಿನ ಸಂಜೆ ಭಾವ ನಮ್ಮ ಮನೆಗೆ ಬಂದು ಜಗಲಿಯಲ್ಲೇ ನಿಂತರು, ಬೂಟಿನಲ್ಲಿ ಕೆಸರಿದೆ ಎಂದು ಒಳಗೆ ಬರಲಿಲ್ಲ.

“ನಾನೇ ಬೇಡ ಅಂದೆ ಅಂತ ಹೇಳಿಬಿಡ್ತೀನಿ ಕಣೋ,” ಎಂದರು.

ಒಳ್ಳೆಯದು ಭಾವ, ಹೇಳಿಬಿಡಿ, ನಾನೂ ಬರುತ್ತೇನೆ ಎಂದು ಅನ್ನಬೇಕಾಗಿತ್ತು. ನಾನು ಹೇಳಿದ್ದು ಬೇರೆ. “ನಿಮ್ಮ ನಿವೃತ್ತಿಗೆ ಎಂಟೇ ತಿಂಗಳು ಇರೋದು. ಪಿಂಚಣಿಗೆ ಕಲ್ಲು ಹಾಕ್ಕೋತೀರಾ? ಅಕ್ಕನ ಮುಖ ನೋಡಿ. ಕೇಳಿದ್ರೆ ನೆನಪಿಲ್ಲ ಅನ್ನಿ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಆಯಮ್ಮ ಗುತ್ತಿಗೆಯವಳು, ಇಲ್ಲಿ ಇಲ್ಲ ಅಂದ್ರೆ ಇನ್ನೊಂದು ಕಡೆ ಕೆಲಸ ಸಿಗುತ್ತೆ.” ನನ್ನ ಹೆಂಡತಿ ಒಳಗಿನಿಂದ ಕೇಳಿಸಿಕೊಂಡು, ಭಾವ ಹೋದ ಮೇಲೆ, “ಇದು ಅವರ ಪಿಂಚಣಿ ಉಳಿಸಕ್ಕಾ, ನಿಮ್ಮ ಮಾನ ಉಳಿಸಕ್ಕಾ?” ಎಂದು ಕೇಳಿದಳು. ನಾನು ಸಿಡುಕಿದೆ. ಅವಳು ಕೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು, ಅದಕ್ಕೇ ಸಿಡುಕಿದೆ.

ಭಾವ “ನೆನಪಿಲ್ಲ” ಎಂದರು. ಆ ಒಂದು ಮಾತಿಗೆ ಕೆಲಸ ಆಯಿತು. ಒಂದನೇ ಮೋಟಾರಿಗೆ ಹಾಕಿದ ಕೊಕ್ಕೆ ಹಾಗೇ ಇತ್ತು. ಅವಳು ತಯಾರಾಗಿದ್ದಳು ಎನ್ನುವುದಕ್ಕೆ ಸಾಕ್ಷಿಯಾಗಬೇಕಿದ್ದ ಆ ಕೊಕ್ಕೆ, ಕೆಲಸ ಶುರು ಮಾಡಿ ಅರ್ಧಕ್ಕೆ ಬಿಟ್ಟು ಅಟ್ಟ ಹತ್ತಿದಳು ಎನ್ನುವುದಕ್ಕೆ ಸಾಕ್ಷಿಯಾಯಿತು. ಸಾರ್‌ಗೆ ಫೋನ್ ಮಾಡಿದ್ದೆ ಎಂದು ಅವಳು ಹೇಳಿದಳು. ಫೋನಿನಲ್ಲಿ ಏನು ಮಾತಾಯಿತು ಎನ್ನುವುದಕ್ಕೆ ಆಧಾರವಿರಲಿಲ್ಲ. ಪೂರ್ತಿ ವಿಚಾರಣೆ ಮುಗಿಯುವವರೆಗೆ ಘಟಕದೊಳಗೆ ಕಾಲಿಡಬಾರದು ಎಂದು ಅವಳನ್ನು ಹೊರಗಿಟ್ಟರು. ಊರು ಕೂಡಲೇ ಅವಳಿಗೊಂದು ಹೆಸರು ಕೊಟ್ಟಿತು: ಮೋಟಾರು ಮುಳುಗಿಸಿದವಳು. ಹೆಸರಿಡುವ ಚಟ ಊರಿಗೆ ಅಂಟಿಸಿದವನು ನಾನೇ ಇರಬೇಕು. ಆ ಹೆಸರು ಹೊತ್ತವಳಿಗೆ ಇನ್ನೊಂದು ಕಡೆ ಯಾರೂ ಕೆಲಸ ಕೊಡಲಿಲ್ಲ.

ಭಾವ ಮಾತ್ರ ಹುಚ್ಚು ಹಿಡಿದವರಂತೆ ದುಡಿದರು. ಅಕ್ಕ ಮಾಡಿದ ಊಟದ ಕ್ಯಾರಿಯರ್ ದಿನಾ ಮಧ್ಯಾಹ್ನ ನಾನೇ ತೆಗೆದುಕೊಂಡು ಹೋಗುತ್ತಿದ್ದೆ, ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಹತ್ತು ಆಳು ಹಾಕಿಸಿಕೊಂಡು ಕೆಸರನ್ನು ಬಕೆಟ್ಟಿನಲ್ಲಿ ಎತ್ತಿಸಿದರು, ಹನ್ನೊಂದನೆಯವರಾಗಿ ತಾವೇ ಇಳಿದರು. ಮೋಟಾರುಗಳನ್ನು ಬಿಚ್ಚಿಸಿ, ತೊಳೆಸಿ, ರಿವೈಂಡಿಂಗ್ ಅಂಗಡಿಯ ಒಲೆಪೆಟ್ಟಿಗೆಯಲ್ಲಿ ಒಣಗಿಸಿದರು. ನಾಲ್ಕರಲ್ಲಿ ಮೂರು ಬದುಕಿದವು. ಕೊನೆಗೆ ಉಳಿದದ್ದು ದನದ ಪ್ರಶ್ನೆ. ಬರೀ ಕೊಳಚೆ ತುಂಬಿ ಗಾಳಿ ಬಿಟ್ಟರೆ ಅವು ಬರಲು ತಿಂಗಳುಗಟ್ಟಲೆ ಕಾಯಬೇಕು. ಹಾಲಿಗೆ ಹೆಪ್ಪು ಹಾಕುವಂತೆ, ಪಕ್ಕದ ಊರಿನ ಘಟಕದಿಂದ ಟ್ಯಾಂಕರಿನಲ್ಲಿ ಕಂದು ಕೆಸರು ತಂದು ಸುರಿಯಬೇಕು. ಅಲ್ಲಿಯವರ ಕೈಕಾಲು ಹಿಡಿದು ಮೊದಲನೇ ಟ್ಯಾಂಕರ್ ತಂದರು.

ಆ ಹೆಪ್ಪು ಒಂದೇ ದಿನದಲ್ಲಿ ಹೊಳೆಗೆ ಹೋಯಿತು. ತೊಟ್ಟಿಯ ನೀರನ್ನು ಹೊಳೆಗೆ ಬಿಡುವ ಮೂರನೇ ವಾಲ್ವನ್ನು ಯಾವ ಕಾಲದಲ್ಲೋ ಉಲ್ಟಾ ಕೂರಿಸಿದ್ದರು; ಅದನ್ನು ಮುಚ್ಚಬೇಕಾದರೆ ಎಡಕ್ಕೆ ತಿರುಗಿಸಬೇಕು. ಹೊಸದಾಗಿ ಬಂದ ಫಿಟ್ಟರು ಎಲ್ಲ ಕಡೆಯಂತೆ ಬಲಕ್ಕೆ ತಿರುಗಿಸಿ ಹೋಗಿದ್ದ. ಭಾವನಿಗೂ ಹೊಳೆಯಲಿಲ್ಲ, ಏಕೆಂದರೆ ಹನ್ನೆರಡು ವರ್ಷದಿಂದ ಆ ವಾಲ್ವು ತಿರುಗಿಸುತ್ತಿದ್ದವಳು ಹೆಲ್ಪರ್. ಅವಳು ಆಗ ಗೇಟಿನ ಹೊರಗೆ ನಿಂತಿದ್ದಳು.

ದಿನಾ ನಿಲ್ಲುತ್ತಿದ್ದಳು. ಮಗಳನ್ನು ಶಾಲೆಗೆ ಬಿಟ್ಟು ಬಂದು, ಕಂಬಿ ಹಿಡಿದು, ಒಳಗೆ ಹೋಗಿಬರುವವರನ್ನು ವಿಚಾರಿಸುತ್ತಿದ್ದಳು. ನನ್ನನ್ನೂ ಕೇಳಿದ್ದಳು: “ಅಣ್ಣಾ, ನೊರೆ ಬಿಳೀ ಇದೆಯಾ, ಕಂದು ಬಂತಾ?” ನೋಡಲಿಲ್ಲಮ್ಮ ಎಂದು ಕ್ಯಾರಿಯರ್ ಹಿಡಿದು ಬಿರಬಿರನೆ ನಡೆದೆ. ಹೆಪ್ಪು ಹೋದ ದಿನ ಅವಳು ಕಂಬಿಯ ಆಚೆಯಿಂದಲೇ ಕೂಗಿದಳು: “ಸಾರ್, ಮೂರನೇದು ಎಡಕ್ಕೆ! ಎಡಕ್ಕೆ ಸಾರ್!” ಅಷ್ಟೊತ್ತಿಗೆ ತೊಟ್ಟಿ ಅರ್ಧ ಖಾಲಿಯಾಗಿತ್ತು. ಭಾವ ಅಲ್ಲೇ ಕಟ್ಟೆಯ ಮೇಲೆ ಕೂತರು. ನಾನು ಕೊಟ್ಟ ಊಟ ಮುಟ್ಟಲಿಲ್ಲ.

“ಅವಳನ್ನ ಹೊರಗೆ ಹಾಕಿ ನಾನು ಒಳಗೆ ಕೂತಿದ್ದೀನಲ್ಲ,” ಎಂದರು.

ಮತ್ತೆರಡು ಟ್ಯಾಂಕರ್ ತಂದರು. ಬ್ಲೋವರ್ ಓಡಿತು. ಮೊದಲು ಬಿಳಿ ನೊರೆ, ಕೊಳೆತ ಮೊಟ್ಟೆಯ ವಾಸನೆ. ದಿನಾ ಜಾಡಿ ತುಂಬಿಡುವುದು, ದಿನಾ ಅದು ಕಲಗಚ್ಚಿನಂತೆ ಕಲಕಿಯೇ ಇರುವುದು. ಮೂವತ್ತೆಂಟನೇ ದಿನ ನಾನು ಕ್ಯಾರಿಯರ್ ಹಿಡಿದು ಹೋದಾಗ ಕಿಟಕಿಯಲ್ಲಿ ಜಾಡಿ ಎರಡು ಭಾಗವಾಗಿತ್ತು: ಕೆಳಗೆ ಕಂದು, ಮೇಲೆ ತಿಳಿನೀರು. ಅಕ್ಕನಿಗೆ ಫೋನ್ ಮಾಡುತ್ತಾರೆ ಎಂದುಕೊಂಡೆ. ಭಾವ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಲುಗಾಡದಂತೆ ಪುಟ್ಟ ಪುಟ್ಟ ಹೆಜ್ಜೆ ಇಡುತ್ತಾ ಗೇಟಿಗೆ ಹೋದರು. ಕಂಬಿಯ ಈ ಕಡೆಯಿಂದ ಅವಳಿಗೆ ತೋರಿಸಿದರು. ಅವಳು ಬಗ್ಗಿ ನೋಡಿದಳು.

“ಚೆನ್ನಾಗಿ ಕೂತಿದೆ ಸಾರ್,” ಎಂದಳು. ಬೈಗುಳವಿಲ್ಲ, ಕಣ್ಣೀರಿಲ್ಲ. ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ವಾಪಸ್ ಬಂದ ಭಾವ ಜಾಡಿ ಕೆಳಗಿಟ್ಟು ಹೇಳಿದರು: “ನಾಳೆ ಪೂರ್ತಿ ವಿಚಾರಣೆ. ನೆನಪಿದೆ ಅಂತೀನಿ. ಪಿಂಚಣಿ ಏನಾದ್ರೂ ಆಗಲಿ, ನಿಮ್ಮ ಅಕ್ಕನಿಗೆ ಹೇಳಿ ಆಯ್ತು. ನೀನು ಹೆದರಬೇಡ, ನಿನ್ನ ಹೆಸರು ತರಲ್ಲ.”

ನಾನು ಕ್ಯಾರಿಯರ್ ಬಿಚ್ಚಿ ಊಟ ಬಡಿಸಿದೆ. ಸಮಾಧಾನವಾಯಿತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ, ಆದರೆ ಆಯಿತು.

ಪುರಸಭೆಯ ಸಭಾಂಗಣ ಕಿಕ್ಕಿರಿದಿತ್ತು. ವಿಚಾರಣಾಧಿಕಾರಿ ಸಣ್ಣ ಧ್ವನಿಯ, ದಪ್ಪ ಕನ್ನಡಕದ ಮನುಷ್ಯ. ಭಾವ ಎದ್ದು ನಿಂತು, ಕೈಕಟ್ಟಿಕೊಂಡು, ಫೋನಿನ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. ಅಧಿಕಾರಿ ಪೆನ್ನು ಎತ್ತಲೇ ಇಲ್ಲ.

“ನೋಡ್ರಿ, ಮೊದಲು ನೆನಪಿಲ್ಲ ಅಂದ್ರಿ. ಈಗ ನಿವೃತ್ತಿ ಹತ್ತಿರ ಬಂದಿದೆ, ಆಯಮ್ಮನ ಸಂಸಾರ ನೋಡಿ ಕನಿಕರ ಹುಟ್ಟಿರಬಹುದು. ಕನಿಕರವನ್ನ ನಾನು ಸಾಕ್ಷಿ ಅಂತ ಬರ್ಕೊಳಕ್ಕಾಗಲ್ಲ. ಫೋನ್ ಬಂದಾಗ ನಿಮ್ಮ ಪಕ್ಕದಲ್ಲಿ ಯಾರಿದ್ರು?”

“ಯಾರೂ ಇರಲಿಲ್ಲ ಸಾರ್.”

“ಯಾರೂ ಇಲ್ಲ ಅಂದ್ರೆ ಮುಗೀತು. ಆಯಮ್ಮನ ಮೇಲಿನ ಆರೋಪ ಹಾಗೇ ಉಳಿಯುತ್ತೆ.”

ಅವರು ಹೆಲ್ಪರ್ ಕಡೆ ತಿರುಗಿದರು. ಅವಳು ಎದ್ದಳು. “ಇದ್ರು ಸಾರ್. ಫೋನಿನಲ್ಲಿ ನಗು ಕೇಳಿಸ್ತು.”

“ಯಾರ ನಗು?”

ಅವಳು ನನ್ನತ್ತ ನೋಡಲಿಲ್ಲ. ತಾಯಿಯ ಔಷಧಿಗೆಂದು ಹತ್ತು ವರ್ಷದಿಂದ ನನ್ನ ಅಂಗಡಿಗೆ ಬರುವವಳಿಗೆ ನನ್ನ ಧ್ವನಿ ಗೊತ್ತಿಲ್ಲದೆ ಏನು? “ಗೊತ್ತಾಗಲಿಲ್ಲ ಸಾರ್,” ಎಂದಳು.

ಅವತ್ತು ಕೌಂಟರಿನಲ್ಲಿ ನಕ್ಕವರಲ್ಲಿ ಇಬ್ಬರು ಅದೇ ಸಭಾಂಗಣದಲ್ಲಿದ್ದರು. ಒಬ್ಬರು ಕಿಟಕಿ ನೋಡುತ್ತಿದ್ದರು, ಒಬ್ಬರು ಮೊಬೈಲು. ನಾನು ನನ್ನ ಕಾಲಿನ ಹೆಬ್ಬೆರಳು ನೋಡುತ್ತಿದ್ದೆ. ಅಧಿಕಾರಿ ಕಡತ ಮುಚ್ಚಿದರು, ದಾರ ಸುತ್ತತೊಡಗಿದರು. ಅಷ್ಟು ಹೊತ್ತು ನಾನು ಕೂತೇ ಇದ್ದೆ. ದಾರದ ಗಂಟು ಬೀಳುವ ಹೊತ್ತಿಗೆ ಎದ್ದೆ. ಧೈರ್ಯ ಬಂದು ಎದ್ದದ್ದಲ್ಲ, ಕೂತಿರಲು ಆಗದೆ ಎದ್ದದ್ದು.

“ನಾನಿದ್ದೆ ಸಾರ್. ಆ ನಗು ನಂದು.”

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ. ಹೆಲ್ಪರ್ ಆ ಸೋಮವಾರವೇ ಕೆಲಸಕ್ಕೆ ಸೇರಿದಳು. ಭಾವನ ಸೇವಾ ಪುಸ್ತಕದಲ್ಲಿ ಕಪ್ಪುಗುರುತು ಬಿತ್ತು, ಪಿಂಚಣಿಯಲ್ಲಿ ಒಂದು ಪಾಲು ಕಡಿತವಾಯಿತು. ನಿವೃತ್ತಿಯ ದಿನ ಯಾರೂ ಭಾಷಣ ಮಾಡಲಿಲ್ಲ. ಅಕ್ಕ ನನ್ನ ಜೊತೆ ನಾಲ್ಕು ತಿಂಗಳು ಮಾತಾಡಲಿಲ್ಲ. ನನಗೆ ಏನೂ ಆಗಲಿಲ್ಲ. ತಮಾಷೆಗೆ ಯಾವ ಕಾಯ್ದೆಯಲ್ಲೂ ಶಿಕ್ಷೆಯಿಲ್ಲ. ಧೈರ್ಯವಾಗಿ ನಿಜ ಹೇಳಿದೆ ಎಂದು ಒಂದಿಬ್ಬರು ಬೆನ್ನು ಕೂಡ ತಟ್ಟಿದರು, ಆಗ ಅವರ ಕೈ ಕಿತ್ತೆಸೆಯುವಷ್ಟು ಸಿಟ್ಟು ಬಂತು.

ಆದರೆ ನನ್ನನ್ನು ಇವತ್ತಿಗೂ ಬಿಡದಿರುವುದು ಆ ದಿನದ ಕೊನೆಯ ಐದು ನಿಮಿಷ. ಏನು ಹೇಳಿದ್ರಿ, ಇದ್ದ ಹಾಗೇ ಹೇಳಿ ಎಂದು ಅಧಿಕಾರಿ ಕೇಳಿದ್ದರು. ತಲೆ ತಗ್ಗಿಸಿ, ತೊದಲಿ, ಹೇಗೋ ಹೇಳಿದ್ದೆ. ಹಿಂದೆ ಕೂತವರಿಗೆ ಸರಿಯಾಗಿ ಕೇಳಿಸಿರಲಿಲ್ಲ. ಸಹಿ ಹಾಕಿಸಿಕೊಳ್ಳುವ ಮೊದಲು ಹೇಳಿಕೆಯನ್ನು ಗಟ್ಟಿಯಾಗಿ ಓದಬೇಕು ಎನ್ನುವುದು ನಿಯಮ. ಅಧಿಕಾರಿ ಕನ್ನಡಕ ಸರಿ ಮಾಡಿಕೊಂಡು, ಕಚೇರಿಯ ದನಿಯಲ್ಲಿ, ಒಂದು ಚೂರೂ ಮುಖ ಅಲುಗಿಸದೆ ಓದಿದರು: “ಸದರಿ ಸಮಯದಲ್ಲಿ ನಾನು ಆಪರೇಟರ್ ಅವರನ್ನು ಉದ್ದೇಶಿಸಿ, ಹೋದ ಸಲ ಬರಬೇಕಾದ ಬೀಗರು ಬರಲಿಲ್ಲ, ಹೋಗಬೇಕಾದ ನಮಗೆ ಹೋಗಕ್ಕಾಗಲಿಲ್ಲ ಎಂದು ನುಡಿದಿರುತ್ತೇನೆ.”

ಸಭಾಂಗಣ ಗೊಳ್ಳೆಂದು ನಕ್ಕಿತು. ತಡೆಯಲು ನೋಡಿದವರೂ ತಡೆಯಲಾರದೆ ನಕ್ಕರು. ಅಧ್ಯಕ್ಷರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡರು. ಹೆಲ್ಪರ್ ಬಾಗಿಲಿನ ಕಡೆ ನೋಡುತ್ತಾ ನಿಂತಿದ್ದಳು. ಮುಂದಿನ ಸಾಲಿನಲ್ಲಿ ನನ್ನ ಎದುರಿಗೇ ಕೂತಿದ್ದ ಭಾವನ ಎರಡೂ ಕಿವಿ ಕೆಂಪಾಗುವುದನ್ನು ನಾನು ನೋಡಿದೆ. ಮತ್ತು, ಸುಳ್ಳು ಹೇಳಿ ಏನು ಪ್ರಯೋಜನ, ಪೆನ್ನು ಹಿಡಿದು ನಿಂತಿದ್ದ ನನಗೆ ಆ ನಗು ಕೇಳಿ ಅರೆಗಳಿಗೆ ಖುಷಿಯಾಯಿತು.